ಅತ್ತೆಯ ಒಲೆ, ನನ್ನ ಬಳೆ

ಕೆಲವರಿಗೆ ದೆವ್ವದ ಭಯ, ಕೆಲವರಿಗೆ ಹಾವಿನ ಭಯ. ನನಗೆ ಒಂದು ಸೌದೆ ಒಲೆಯ ಭಯ. ಬೆಂಕಿಗೆ ನಾನು ಯಾವತ್ತೂ ಹೆದರಿದವಳಲ್ಲ. ಆ ಒಲೆಯ ಮೈ ಮೇಲೆ ಎಲ್ಲಿ ಒಂದು ಗೀರು ಬಿದ್ದುಬಿಡುತ್ತದೋ ಎಂದು ಹೆದರುತ್ತಿದ್ದೆ. ತಮಿಳು ಸೀಮೆಯ ಸೋಮನೂರಿಗೆ ಸೊಸೆಯಾಗಿ ಬಂದ ದಿನ ಹಿಡಿದ ಈ ಭಯ ಎಷ್ಟೋ ವರ್ಷ ಬಿಡಲಿಲ್ಲ. ಒಂದು ಎಡವಟ್ಟು ಮುಗಿಯಿತು ಎಂದು ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತಿತ್ತು. ಅವುಗಳಲ್ಲಿ ನಾಲ್ಕನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮತ್ತೆಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಆ ಒಂದು ಧೈರ್ಯದ ಮೇಲೆಯೇ ಇಷ್ಟು ಬರೆಯುವ ಸಾಹಸ.

ಸುಡದ ಕೈಗೆ ಮದ್ದು

ನನ್ನ ತವರು ಚಾಮರಾಜನಗರ. ಗಂಡನ ಮನೆಯವರು ಎಷ್ಟೋ ತಲೆಮಾರಿನಿಂದ ಸೋಮನೂರಿನವರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಮನೆಯ ಹಿಂದೆ ಒಂದು ಶೆಡ್ಡು, ಅದರಲ್ಲಿ ಎಂಟು ಪವರ್‌ಲೂಮು. ಅದನ್ನು ಮಾವ ನೋಡಿಕೊಳ್ಳುತ್ತಿದ್ದರು. ನಮ್ಮ ಯಜಮಾನರು ಪಕ್ಕದ ಬೀದಿಯ ಸೈಜಿಂಗ್ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ಮಗ್ಗಕ್ಕೆ ಹೋಗುವ ನೂಲಿಗೆ ಗಂಜಿ ಹಾಕುವ ಮಿಲ್ಲು ಅದು.

ಮದುವೆಯಾಗಿ ಬಂದ ಮರುದಿನ ಅತ್ತೆ ನನ್ನನ್ನು ಅಡುಗೆಮನೆಗೆ ಕರೆದುಕೊಂಡು ಹೋದರು. ದೇವರ ಮನೆ ಬಾಗಿಲಲ್ಲಿ ನಿಂತ ಹಾಗೆ ನಿಂತರು. ನಾನೂ ನಿಂತೆ. ಎದುರಿಗೆ ಒಲೆ. ಒಂದು ದೊಡ್ಡೊಲೆ, ಪಕ್ಕದಲ್ಲಿ ಒಂದು ಕೋಡೊಲೆ, ಎರಡಕ್ಕೂ ಸೇರಿ ಒಂದು ಅಗಲವಾದ ಕಟ್ಟೆ. ನಾನು ಮಣ್ಣಿನ ಒಲೆ ನೋಡದವಳೇನಲ್ಲ. ಆದರೆ ಇಂಥದ್ದನ್ನು ನೋಡಿರಲಿಲ್ಲ. ಹುತ್ತದ ಮಣ್ಣು, ಸಗಣಿ, ತೆಂಗಿನ ಚಿಪ್ಪಿನ ಇದ್ದಿಲ ಪುಡಿ ಕಲಸಿ ಮೆತ್ತಿ, ಒಂದು ದುಂಡು ಕಲ್ಲಿನಿಂದ ಉಜ್ಜಿ ಉಜ್ಜಿ ಕಪ್ಪು ಹೊಳಪು ತಂದಿದ್ದರು. ಬಗ್ಗಿ ನೋಡಿದರೆ ನನ್ನ ಮೂಗುಬೊಟ್ಟು ಅದರಲ್ಲಿ ಕಾಣಿಸಿತು.

"ಅಮ್ಮಣಿ," ಅಂದರು ಅತ್ತೆ. ಈ ಕಡೆ ಹೆಣ್ಣುಮಕ್ಕಳನ್ನು ಹಾಗೇ ಕರೆಯುವುದು. "ಈ ಒಲೆ ಮೈ ಮೇಲೆ ಗೀರು ಬೀಳಬಾರ್ದು. ಬಿದ್ರೆ ಮನೇಲಿ ಜಗಳ ಬೀಳ್ತದೆ. ನಮ್ಮತ್ತೆ ಕಾಲದಿಂದ ಹಂಗೇ. ಪಾತ್ರೆ ಎಳೀಬಾರ್ದು, ಎತ್ತಿ ಇಡ್ಬೇಕು. ಸಿಂಬೆ ಇಲ್ದೆ ಏನೂ ಇಡ್ಬಾರ್ದು."

ಆಮೇಲೆ ಸೊಂಟದ ಸಂಚಿಯಿಂದ ಆ ದುಂಡು ಕಲ್ಲನ್ನು ತೆಗೆದು ತೋರಿಸಿದರು. ಅವರ ತವರು ಧಾರಾಪುರಂ. ಅಮರಾವತಿ ಹೊಳೆಯಲ್ಲಿ ಸಿಕ್ಕ ಕಲ್ಲಂತೆ, ಕೋಳಿಮೊಟ್ಟೆಯಷ್ಟು ನುಣುಪು. "ಒಂದು ದಿನ ಇದು ನಿನ್ ಕೈಗೆ ಬರ್ಬೇಕು. ಯಾವಾಗ ಅಂತ ನಾನ್ ಹೇಳ್ತೀನಿ" ಎಂದು ಮತ್ತೆ ಸಂಚಿಗೆ ಸೇರಿಸಿದರು. ಆ ಕಲ್ಲು ಕೈಗೆ ಬರುವವರೆಗೆ ನಾನು ಆ ಮನೆಯಲ್ಲಿ ಬಂದು ಹೋಗುವ ನೆಂಟಳು ಎಂಬುದು ನನಗೆ ಆಗಲೇ ಅರ್ಥವಾಯಿತು.

ನನ್ನ ಎರಡೂ ಕೈತುಂಬ ಮದುವೆಯ ಬಳೆ. ಅತ್ತೆ ಅವುಗಳನ್ನು ನೋಡಿದರು, ಒಲೆಯನ್ನು ನೋಡಿದರು. ಹೊಸ ಮದುಮಗಳಿಗೆ ಬಳೆ ತೆಗೆ ಎನ್ನುವಂತಿಲ್ಲ. ಶೆಡ್ಡಿನಿಂದ ತುಂಡು ಬಟ್ಟೆ ತಂದು ಮಣಿಕಟ್ಟಿನಿಂದ ಮೊಣಕೈವರೆಗೆ ಬಳೆಯ ಮೇಲೆ ಬಿಗಿಯಾಗಿ ಸುತ್ತಿ ಗಂಟು ಹಾಕಿದರು. ಉಂಗುರದ ಬೆರಳಿಗೂ ಒಂದು ಸುತ್ತು ಹಾಕಿದರು.

ಅಷ್ಟು ಹೊತ್ತಿಗೆ ಮದುಮಗಳನ್ನು ನೋಡಲು ಪಕ್ಕದ ಮನೆ ಅಕ್ಕ ಬಂದರು. ನನ್ನ ಕೈ ನೋಡಿ ಬಾಗಿಲಲ್ಲೇ ಚೀರಿದರು. "ಅಯ್ಯೋ ನನ್ನ ಕಣ್ಣು! ಬಂದ ದಿನಾನೇ ಕೈ ಸುಟ್ಟುಕೊಂಡ್ಯಾ?"

ಒಲೆ ಉಳಿಸಲು ಸೊಸೆಯ ಕೈ ಕಟ್ಟಿದ್ದೇನೆ ಎಂದು ಹೇಳಲು ಅತ್ತೆಗೆ ನಾಚಿಕೆಯಾಯಿತು. "ಆಮಾ, ಹೌದು, ಒಸಿ ಸುಟ್ಟುಬಿಟ್ಟದೆ" ಅಂದುಬಿಟ್ಟರು. ನಾನು ಬಾಯಿ ತೆರೆದೆ. ಅತ್ತೆ ನೋಡಿದರು. ನಾನು ಬಾಯಿ ಮುಚ್ಚಿದೆ.

ಮಧ್ಯಾಹ್ನದೊಳಗೆ ಬೀದಿಯ ಹೆಂಗಸರೆಲ್ಲ ಬಂದರು. ಒಬ್ಬರು ಇಂಕು ತಂದರು, ಒಬ್ಬರು ಲೋಳೆಸರ ತಂದರು. ಪಕ್ಕದ ಮನೆ ಅಕ್ಕ ಒಂದು ಬೋಸಿ ತುಂಬ ಇಡ್ಲಿ ಹಿಟ್ಟು ತಂದು, ಬಟ್ಟೆ ಬಿಚ್ಚಿದರೆ ಚರ್ಮ ಕಿತ್ತು ಬರುತ್ತದೆ ಎಂದು ಬಟ್ಟೆಯ ಮೇಲೆಯೇ ಮೊಣಕೈವರೆಗೆ ಮೆತ್ತಿದರು. ನಾನು ಎರಡೂ ಕೈ ಮುಂದಕ್ಕೆ ಚಾಚಿಕೊಂಡು ಸಂಜೆಯವರೆಗೆ ಗೋಡೆಗೆ ಒರಗಿ ಕುಳಿತಿದ್ದೆ. ಸಂಜೆ ನನ್ನ ಗಂಡ ಬಂದು ಗಾಬರಿಯಿಂದ "ತುಂಬಾ ಉರೀತಾ ಇದೆಯಾ?" ಎಂದು ಕೇಳಿದರು.

"ಉರಿ ಏನೂ ಇಲ್ಲ. ಹುಳಿ ಬರ್ತಾ ಇದೆ" ಅಂದೆ.

ಬಾಕಿ ಉಳಿದ ಜಗಳ

ಮೊದಲ ಗೀರು ಹಾಕಿದವಳು ನಾನೇ. ಬಿಸಿ ಕಾವಲಿಯನ್ನು ಇಕ್ಕಳದಲ್ಲಿ ಎತ್ತುವಾಗ ಅದರ ತುದಿ ಕಟ್ಟೆಗೆ ತಾಗಿತು. ಒಂದು ಅಂಗುಲದ ಗೀರು. ಸೆರಗಿನಿಂದ ಒರೆಸಿದೆ, ಬೆರಳಿನಿಂದ ತಿಕ್ಕಿದೆ, ಎಂಜಲು ಹಚ್ಚಿದೆ. ಹೋಗಲಿಲ್ಲ. ಅದರ ಮೇಲೆ ಒಂದು ಸಿಂಬೆ ಇಟ್ಟು, ಸಿಂಬೆಯ ಮೇಲೆ ಚೆಂಬು ಇಟ್ಟು, ನಾನು ಅದರ ಮುಂದೆ ನಿಂತೆ. ಎಷ್ಟು ಹೊತ್ತು ನಿಲ್ಲಲಾಗುತ್ತದೆ?

ನಾನು ನೀರು ತರಲು ಹೋದಾಗ ಅತ್ತೆ ಚೆಂಬು ಎತ್ತಿದರು. ಕೂಗಾಡಲಿಲ್ಲ. ಮನೆಯವರನ್ನೆಲ್ಲ ಕರೆದು ನಡುಮನೆಯಲ್ಲಿ ಕೂರಿಸಿದರು.

"ಗೀರು ಬಿದ್ದದೆ. ಜಗಳ ಇನ್ನೂ ಬಿದ್ದಿಲ್ಲ. ಬರ್ತದೆ. ಎಲ್ಲಾರೂ ಜಾಗ್ರತೆಯಾಗಿರಿ."

ಯಾರು ಗೀರಿದರು ಎಂಬ ಪ್ರಶ್ನೆ ಬರುವ ಮೊದಲೇ ನಮ್ಮ ಬೆಕ್ಕು ಕಟ್ಟೆಯ ಪಕ್ಕದಿಂದ ಎದ್ದು ಮೈಮುರಿಯಿತು. ಎಲ್ಲರೂ ಅದರ ಉಗುರು ನೋಡಿದರು. ನಾನೂ ನೋಡಿದೆ. ದೇವರು ನನ್ನನ್ನು ಕ್ಷಮಿಸಲಿ, "ಥೂ ಹಾಳಾದ್ದೆ" ಎಂದು ಬೈದೆ ಕೂಡ. ಆಮೇಲೆ ಒಂದು ವಾರ ನನ್ನ ಕಾಫಿಯ ಹಾಲನ್ನೆಲ್ಲ ಅದಕ್ಕೇ ಹಾಕಿದೆ.

ಬೆಕ್ಕಿನ ಮೇಲೆ ತಪ್ಪು ಹೋಯಿತೇನೋ ಸರಿ, ಜಗಳ ಹೋಗಬೇಕಲ್ಲ? ಅವತ್ತು ಆ ಮನೆಯಲ್ಲಿ ಕಂಡಷ್ಟು ಮರ್ಯಾದೆಯನ್ನು ನಾನು ಎಲ್ಲೂ ಕಂಡಿಲ್ಲ. ಸಾಂಬಾರಿಗೆ ನಾನು ಉಪ್ಪು ಹಾಕುವುದನ್ನು ಮರೆತಿದ್ದೆ, ಭಯಕ್ಕೆ. ಮಾವ ಎರಡು ಸಲ ಬಡಿಸಿಕೊಂಡು "ಬಲೇ ಚೆನ್ನಾಗದೆ" ಅಂದರು. ಯಜಮಾನರು ನೀರು ಕುಡಿದು ಲೋಟವನ್ನು ತಾವೇ ತೊಳೆದಿಟ್ಟರು. ಅತ್ತೆ ಮಾವನನ್ನು "ವಾಂಗ, ಪೋಂಗ" ಎಂದು ತಮಿಳಿನಲ್ಲಿ ಬಹುವಚನ ಹಚ್ಚಿ ಕರೆದರು. ಮಾತಾಡಿದರೆ ಎಲ್ಲಿ ತಪ್ಪುತ್ತದೋ ಎಂದು ಮಧ್ಯಾಹ್ನದ ಮೇಲೆ ಮಾತೇ ನಿಂತುಹೋಯಿತು. ಎಲ್ಲರೂ ಒಬ್ಬರನ್ನೊಬ್ಬರು ನೋಡಿ ನಗುತ್ತ ಬೆವರುತ್ತಿದ್ದೆವು.

ಸಂಜೆ ಆರಾಯಿತು. ಮಾವನಿಗೆ ತಡೆಯಲಾಗಲಿಲ್ಲ. "ಹಿಂಗೆ ಕಾಯ್ಕೊಂಡು ಎಷ್ಟು ದಿನ ಕೂರೋದು? ಒಂದು ಸಣ್ಣ ಜಗಳ ನಾವೇ ಆಡಿ ಮುಗಿಸಿಬಿಡಾಣ. ಗೀರಿನ ಲೆಕ್ಕ ತೀರ್ತದೆ."

ಅತ್ತೆ ಯೋಚಿಸಿದರು. "ಸರಿ. ಆದ್ರೆ ನಮ್ಮ ತವರುಮನೆ ಸುದ್ದಿ ಎತ್ತಬಾರ್ದು."

"ನನ್ನ ನಶ್ಯದ ಸುದ್ದಿ ನೀನು ಎತ್ತಬಾರ್ದು."

ಅವೆರಡನ್ನು ಬಿಟ್ಟರೆ ಅವರಿಬ್ಬರಿಗೆ ಜಗಳಕ್ಕೆ ವಿಷಯವೇ ಇರಲಿಲ್ಲ. ಕೊನೆಗೆ ನನ್ನ ಗಂಡ ರಸಂ ಎಂದು ಒಂದು ವಿಷಯ ಹುಡುಕಿಕೊಟ್ಟರು. ಮಾವ ಗಂಟಲು ಸರಿಮಾಡಿಕೊಂಡು, ಪಾಠ ಒಪ್ಪಿಸುವ ಹುಡುಗನ ಹಾಗೆ ನೆಟ್ಟಗೆ ಕುಳಿತು, "ನೀನು ಮಾಡೋ ರಸಂ ಬರೀ ನೀರು" ಅಂದರು.

ಅತ್ತೆ ಉತ್ತರ ಕೊಡಲು ಬಾಯಿ ತೆರೆದು ಹಾಗೇ ನಿಂತರು. "ನಿಜವಾಗ್ಲೂ?"

"ಇಲ್ಲ, ಸುಮ್ನೆ ಅಂದೆ."

"ಸುಮ್ನೆ ಅಂದ್ರೆ ಇಷ್ಟು ಬೇಗ ಬಾಯಿಗೆ ಹೆಂಗೆ ಬಂತು?"

"ಜಗಳ ಆಡಾಣ ಅಂತ ತಾನೆ…"

"ಎಷ್ಟು ವರ್ಷದಿಂದ ಮನಸ್ಸಲ್ಲಿ ಇಟ್ಕೊಂಡಿದ್ರಿ?"

ಆಮೇಲೆ ಮಾವನಿಗೂ ಸಿಟ್ಟು ಬಂತು. ನೀರು ಅಂದಮೇಲೆ ನೀರೇ ಅಂದರು. ಧಾರಾಪುರಂ ಬಂತು, ನಶ್ಯ ಬಂತು, ನನ್ನ ಗಂಡ ಹುಟ್ಟುವ ಮೊದಲಿನ ಒಂದು ದೀಪಾವಳಿ ಬಂತು. ನಾನೂ ಯಜಮಾನರೂ ಶೆಡ್ಡಿಗೆ ಓಡಿ ಮಗ್ಗದ ಸದ್ದಿನಲ್ಲಿ ಅವಿತುಕೊಂಡೆವು. ನಾಲ್ಕು ದಿನ ಅವರಿಬ್ಬರೂ ಮಾತು ಬಿಟ್ಟಿದ್ದರು. ಐದನೆಯ ದಿನ ಬೆಳಿಗ್ಗೆ ಅತ್ತೆ ನನ್ನನ್ನು ಒಲೆಯ ಬಳಿ ಕರೆದು, ಆ ಗೀರನ್ನು ಬೆರಳಿನಿಂದ ತೋರಿಸಿ, ತೃಪ್ತಿಯಿಂದ ಅಂದರು.

"ನೋಡಿದ್ಯಾ ಅಮ್ಮಣಿ? ನಾನು ಅವತ್ತೇ ಹೇಳಿರಲಿಲ್ವಾ?"

ಹೊಗೆ ಕಾಣದ ಮನೆ

ಅತ್ತೆಯ ಅಣ್ಣನ ಮಗಳ ಮದುವೆ ಧಾರಾಪುರದಲ್ಲಿ. ಮೂರು ದಿನಕ್ಕೆಂದು ಹೊರಟರು. ಹೊರಡುವಾಗ ಮಾವನಿಗೆ ಒಂದು ಮಾತೂ ಹೇಳಲಿಲ್ಲ. ಒಲೆಯ ಬಗ್ಗೆ ನನಗೆ ಹೇಳಿದ್ದು ಬಸ್ಸು ಬರುವವರೆಗೂ ಮುಗಿಯಲಿಲ್ಲ. ಬಸ್ಸು ಹೊರಟ ಮೇಲೂ ಕಿಟಕಿಯಿಂದ ಕೈ ಹೊರಗೆ ಹಾಕಿ ಸಿಂಬೆಯ ಹಾಗೆ ಬೆರಳು ಸುತ್ತಿ ತೋರಿಸುತ್ತಿದ್ದರು.

ನಾನು ಮನೆಗೆ ಬಂದು ಒಲೆಯ ಮುಂದೆ ನಿಂತೆ. ಕೈಯಲ್ಲಿ ಬೆಂಕಿಪೊಟ್ಟಣ. ಅತ್ತೆ ಇಲ್ಲದೆ ಆ ಒಲೆಯನ್ನು ನಾನು ಒಬ್ಬಳೇ ಮುಟ್ಟಿದವಳಲ್ಲ. ಸೌದೆ ತುರುಕುವಾಗ ಬಾಯಿಗೆ ತಾಗಿದರೆ? ಅನ್ನದ ಪಾತ್ರೆ ಕೈಜಾರಿದರೆ? ಬೆಂಕಿಪೊಟ್ಟಣ ಹಾಗೇ ಕೆಳಗಿಟ್ಟೆ. ಹಿಂದೆ ನೋಡಿದರೆ ಮಾವನೂ ಯಜಮಾನರೂ ಬಾಗಿಲಲ್ಲಿ ನಿಂತಿದ್ದಾರೆ. ಅವರ ಮುಖವೂ ನನ್ನ ಮುಖದ ಹಾಗೇ ಇತ್ತು.

"ಹಚ್ಚಲೇಬೇಕಾ?" ಅಂದರು ಮಾವ.

ಮೂವರಿಗೂ ದೊಡ್ಡ ಭಾರ ಇಳಿದ ಹಾಗಾಯಿತು. ಒಲೆಯ ಮೇಲೆ ಒಂದು ಮಲ್ಲಿನ ಬಟ್ಟೆ ಹೊದಿಸಿ, ಅಡುಗೆಮನೆಯ ಬಾಗಿಲು ಎಳೆದುಕೊಂಡೆವು. ಅವತ್ತು ಪರೋಟಾ. ಮರುದಿನ ಬೆಳಿಗ್ಗೆ ಮೆಸ್ಸಿನ ಇಡ್ಲಿ, ಮಧ್ಯಾಹ್ನ ಮತ್ತೆ ಪರೋಟಾ. ಅದನ್ನು ತರಲು ಮೂವರೂ ಸೇರಿ ಹೋಗಿದ್ದೆವು, ಬಾಗಿಲಿಗೆ ಬೀಗ ಹಾಕಿ.

ಅದೇ ಹೊತ್ತಿಗೆ ಅತ್ತೆ ಅಲ್ಲಿಂದ ಫೋನು ಮಾಡಿದ್ದಾರೆ, ಒಲೆ ಹೇಗಿದೆ ಎಂದು ಕೇಳಲು. ಯಾರೂ ಎತ್ತಿಲ್ಲ. ಮೂರು ಸಲ ಮಾಡಿ, ಭಯವಾಗಿ, ಪಕ್ಕದ ಮನೆ ಅಕ್ಕನಿಗೆ ಮಾಡಿದ್ದಾರೆ. ಆ ಅಕ್ಕ ನೋಡಿದ್ದನ್ನು ನೋಡಿದ ಹಾಗೆ ಹೇಳಿದ್ದಾರೆ. "ಬಾಗಿಲು ಹಾಕಿದೆ. ನಿನ್ನೆಯಿಂದ ನಿಮ್ಮ ಮನೇಲಿ ಹೊಗೆ ಬಂದಿಲ್ಲ."

ನಮ್ಮ ಕಡೆ ಒಂದು ಮನೆಯಲ್ಲಿ ಒಲೆ ಹಚ್ಚಲಿಲ್ಲ ಎಂದರೆ ಅದಕ್ಕೆ ಒಂದೇ ಅರ್ಥ. ಅತ್ತೆ ಮುಂದಕ್ಕೆ ಏನೂ ಕೇಳಲಿಲ್ಲ. ಮದುವೆಮನೆಯಿಂದ ಹಾಗೇ ಎದ್ದು ಬಸ್ಸು ಹತ್ತಿದ್ದಾರೆ.

ಸಂಜೆ ನಾವು ಮೂವರೂ ನಡುಮನೆಯಲ್ಲಿ ಕುಳಿತು ಉಳಿದ ಪರೋಟಾ ಪೊಟ್ಟಣ ಬಿಚ್ಚುತ್ತಿದ್ದೆವು. ಬೀದಿಯ ಆ ತುದಿಯಿಂದ ಒಂದು ಅಳು ಕೇಳಿಸಿತು. ರಾಗವಾಗಿ, ಎದೆ ಬಡಿದುಕೊಂಡು, ಹತ್ತಿರ ಹತ್ತಿರ ಬರುತ್ತಿತ್ತು.

"ಪಾಪ, ಯಾರ ಮನೇಲೋ ಯಾರೋ ಹೋಗ್ಬಿಟ್ರು" ಎಂದು ಮಾವ ಪೊಟ್ಟಣ ಕೈಯಲ್ಲಿ ಹಿಡಿದುಕೊಂಡೇ ಬಾಗಿಲು ತೆರೆದರು.

ಎದುರಿಗೆ ಅತ್ತೆ. ತಲೆ ಕೆದರಿದೆ, ಹಿಂದೆ ಅರ್ಧ ಬೀದಿ ಬಂದಿದೆ. "ನನ್ನ ಬಿಟ್ಟು ಹೆಂಗೆ ಹೋದ್ರೀ" ಎಂದು ಎತ್ತಿದ ರಾಗ, ಮಾವನ ಮುಖ ಕಂಡು, ನಡುವಿನಲ್ಲೇ ಕಡಿದು ನಿಂತಿತು. ಮಾವನನ್ನು ಮೇಲಿಂದ ಕೆಳಗೆ ನೋಡಿದರು. ಕೈಯಲ್ಲಿದ್ದ ಪೊಟ್ಟಣ ನೋಡಿದರು. "ಏನದು?"

"ಪರೋಟಾ" ಅಂದರು ಮಾವ, ಸಣ್ಣ ದನಿಯಲ್ಲಿ.

ಅತ್ತೆ ಅವರನ್ನು ತಳ್ಳಿಕೊಂಡು ನೇರ ಅಡುಗೆಮನೆಗೆ ಹೋದರು. ಬಟ್ಟೆ ಸರಿಸಿ ಒಲೆಯ ಮೇಲೆ ಅಂಗೈ ಇಟ್ಟರು. ಎರಡು ದಿನದಿಂದ ಉರಿಯದ ಒಲೆ ಕಲ್ಲಿನ ಹಾಗೆ ತಣ್ಣಗಿತ್ತು. ಬಾಗಿಲಲ್ಲಿ ನಿಂತಿದ್ದ ಅಳು ಅಲ್ಲಿ ಮತ್ತೆ ಶುರುವಾಯಿತು, ಮೊದಲಿಗಿಂತ ಜೋರಾಗಿ.

ಮಾವ ಹೊರಗೆ ಜಗಲಿಯ ಮೇಲೆ ಕುಳಿತು ಪರೋಟಾ ಮುರಿಯುತ್ತ ನನಗೆ ಹೇಳಿದರು. "ಕೇಳಮ್ಮಣಿ. ನನಗೆ ಅತ್ತಿದ್ದಕ್ಕಿಂತ ಇದರಲ್ಲಿ ಸುರುತಿ ಎಷ್ಟು ಚೆನ್ನಾಗದೆ."

ಒಲೆಗೆ ಬಂದ ಅಮ್ಮ

ಈಗ ನನ್ನ ಜನ್ಮದಲ್ಲೇ ಅತಿ ಹೆಚ್ಚು ಹೆದರಿದ ಮೂರು ದಿನಗಳ ಕತೆ.

ಆ ಹೊತ್ತಿಗೆ ಅತ್ತೆಯ ಬೆರಳ ಗೆಣ್ಣುಗಳು ಊದಿಕೊಳ್ಳಲು ಶುರುವಾಗಿದ್ದವು. ಆದರೂ ವಾರಕ್ಕೊಮ್ಮೆ ಕುಕ್ಕರಗಾಲಲ್ಲಿ ಕುಳಿತು, ಹೊಸ ಮಣ್ಣು ತೆಳ್ಳಗೆ ಸವರಿ, ಆ ಕಲ್ಲಿನಿಂದ ಗಂಟೆಗಟ್ಟಲೆ ಉಜ್ಜುತ್ತಿದ್ದರು. ನೋವಿಗೆ ತುಟಿ ಕಚ್ಚುವುದು ನನಗೆ ಕಾಣುತ್ತಿತ್ತು. "ನಾನು ಉಜ್ಜಲಾ ಅತ್ತೆ?" ಎಂದರೆ "ಇನ್ನೂ ಇಲ್ಲ" ಎನ್ನುತ್ತಿದ್ದರು. ನನಗೆ ಅವರ ಮೇಲೆ ಭಯದ ಜೊತೆ ಮರುಕವೂ ಹುಟ್ಟಿತು. ಈ ಒಲೆಯ ಮೈ ಸವೆಯದ ಹಾಗೆ ಏನಾದರೂ ಮಾಡಬೇಕು ಎಂದು ತಲೆಯಲ್ಲಿ ಹುಳ ಹೊಕ್ಕಿತು.

ಒಂದು ದಿನ ಯಜಮಾನರನ್ನು ಕೇಳಿದೆ. "ನೂಲಿಗೆ ಗಂಜಿ ಯಾಕೆ ಹಾಕ್ತಾರೆ?"

"ಮಗ್ಗದಲ್ಲಿ ಉಜ್ಜಿ ಉಜ್ಜಿ ಸವೀಬಾರದು ಅಂತ. ನೂಲಿನ ಮೇಲೆ ಒಂದು ಪೊರೆ ಕೂತ್ಕೊಳ್ಳುತ್ತೆ. ಗೀರೂ ಬೀಳಲ್ಲ, ಎಳೆಯೂ ಏಳಲ್ಲ."

ಗೀರೂ ಬೀಳಲ್ಲ! ಸೋಮನೂರಿನ ಸೊಸೆಗೆ ಇನ್ನೇನು ಬೇಕು? ಮಿಲ್ಲಿನಿಂದ ಒಂದು ಡಬ್ಬಿ ಗಂಜಿ ತರಿಸಿಕೊಂಡೆ. ಗುರುವಾರ ಮಧ್ಯಾಹ್ನ ಅತ್ತೆ ರೇಷನ್ ಅಂಗಡಿಗೆ ಹೋದಾಗ, ಬಟ್ಟೆಯಲ್ಲಿ ಅದ್ದಿ, ಒಲೆಯ ಮೈಗೆಲ್ಲ ಮೂರು ಸಲ ಬಳಿದೆ. ಒಣಗಿದಾಗ ನೋಡಬೇಕಿತ್ತು, ಗಾಜು ಗಾಜು! ಅತ್ತೆ ಬಂದು ನೋಡಿ ಬೆರಗಾದರು.

"ಏನಮ್ಮಣಿ, ಒಲೆ ಹಿಂಗೆ ಮಿಂಚ್ತದೆ?"

"ಚೆನ್ನಾಗಿ ಒರೆಸಿದೆ ಅತ್ತೆ."

ಅವರ ಕೈ ಸಂಚಿಯ ಕಡೆ ಹೋದದ್ದನ್ನು ನಾನು ಕಣ್ಣಾರೆ ಕಂಡೆ. ಕಲ್ಲು ಇನ್ನೇನು ಬಂತು ಅಂದುಕೊಂಡೆ. ಎಲೆಅಡಿಕೆ ತೆಗೆದು ಬಾಯಿಗೆ ಹಾಕಿಕೊಂಡರು.

ಶುಕ್ರವಾರ ಬೆಳಿಗ್ಗೆ ಅತ್ತೆ ಒಲೆ ಹಚ್ಚಿದರು. ಕಾವು ಏರಿತು. ಚಿಟ್ ಎಂದು ಒಂದು ಸದ್ದು. ಮತ್ತೆ ಚಿಟ್ ಚಿಟ್. ನೋಡನೋಡುತ್ತಿದ್ದ ಹಾಗೆ ಆ ಹೊಳೆಯುವ ಮೈ ಮೇಲೆ ಸಣ್ಣ ಸಣ್ಣ ಗುಳ್ಳೆ ಎದ್ದವು. ಮೊದಲು ಬಿಳಿ, ಆಮೇಲೆ ಕೆಂಚು. ಒಂದರ ಪಕ್ಕ ಒಂದು, ಒಲೆಯ ಬಾಯಿಂದ ಕಟ್ಟೆಯ ಅಂಚಿನವರೆಗೆ.

ಬೇಸಿಗೆಯ ದಿನಗಳು. ಬೀದಿಯಲ್ಲಿ ಆಗಲೇ ಎರಡು ಮನೆಯ ಮಕ್ಕಳಿಗೆ ಸೀತಾಳೆ ಸಿಡುಬು. ಸಿಡುಬು ಎಂದು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ, ಅಮ್ಮ ಬಂದಿದ್ದಾಳೆ ಎನ್ನುತ್ತಾರೆ. ದೇವಿಯೇ ಮೈಮೇಲೆ ಬಂದಳೆಂದು ನಂಬಿಕೆ.

ಅತ್ತೆಯ ಮುಖ ಬಿಳಿಚಿಕೊಂಡಿತು. ಅಷ್ಟು ಗಾಬರಿಯಲ್ಲೂ ಕೈಯಲ್ಲಿದ್ದ ಸೌಟನ್ನು ಸಿಂಬೆಯ ಮೇಲೆಯೇ ಇಟ್ಟರು. ಆಮೇಲೆ ಎರಡೂ ಕೆನ್ನೆ ಬಡಿದುಕೊಂಡು ಕೂಗಿದರು. "ತಾಯೀ! ನಮ್ಮ ಒಲೆಗೆ ಅಮ್ಮ ಬಂದುಬಿಟ್ಳು!"

ಆಗಲೇ ಹೇಳಬೇಕಿತ್ತು. ನಾಲಿಗೆ ಏಳಲಿಲ್ಲ. ಅಷ್ಟರಲ್ಲಿ ಪಕ್ಕದ ಮನೆ ಅಕ್ಕ ಓಡಿ ಬಂದರು, ನೋಡಿದರು, ಕೈ ಮುಗಿದರು. ಹತ್ತು ನಿಮಿಷದಲ್ಲಿ ಒಲೆಯ ಬೆಂಕಿ ಆರಿಸಿ, ಅದರ ಸುತ್ತ ಬೇವಿನ ಸೊಪ್ಪು ಸಿಕ್ಕಿಸಿ, ಬಾಗಿಲಿಗೂ ಬೇವು ಕಟ್ಟಿದ್ದಾಯಿತು. ಬೀದಿಯವರೆಲ್ಲ ಸಾಲಾಗಿ ಬಂದು ನೋಡಿದರು. ಒಬ್ಬರು ಎಳನೀರು ತಂದಿಟ್ಟರು, ಒಬ್ಬರು ಮೊಸರನ್ನ ತಂದಿಟ್ಟರು. ಒಂದು ಮಗುವಂತೂ "ಒಲೆಗೆ ನೋಯ್ತದಾ?" ಎಂದು ಕೇಳಿತು. ನನಗೆ ಮಾತ್ರ ನೋಯುತ್ತಿತ್ತು.

ಅಡುಗೆಯೆಲ್ಲ ಹಿತ್ತಲಲ್ಲಿ ಮೂರು ಇಟ್ಟಿಗೆಯ ಮೇಲೆ. ಅಮ್ಮ ಬಂದ ಮನೆಯಲ್ಲಿ ಎಣ್ಣೆ ಕಾಯಿಸುವಂತಿಲ್ಲ, ಒಗ್ಗರಣೆ ಹಾಕುವಂತಿಲ್ಲ. ಎರಡನೆಯ ದಿನ ಮಾವ ಸಪ್ಪೆ ಗಂಜಿ ಮುಂದಿಟ್ಟುಕೊಂಡು ಕೇಳಿದರು. "ಅಮ್ಮ ಬಂದಿರೋದು ಒಲೆಗೆ. ಪಥ್ಯ ನನಗ್ಯಾಕೆ?" ಅತ್ತೆ ಇನ್ನೊಂದು ಸೌಟು ಗಂಜಿ ಬಡಿಸಿದರು. ಅವರೂ ಯಾಕೋ ಮೊದಲ ದಿನ ಸಂಜೆಯಿಂದ ಮಾತು ಕಡಿಮೆ ಮಾಡಿದ್ದರು. ನನ್ನ ಮುಖವನ್ನು ನೋಡುವುದು, ಕಣ್ಣು ತಪ್ಪಿಸುವುದು. ಅವರಿಗೆ ಅನುಮಾನ ಬಂದಿದೆ ಎಂದು ನನಗೆ ನಿದ್ದೆ ಬರಲಿಲ್ಲ.

ಯಜಮಾನರಿಗೆ ನಿಜ ಹೇಳಿದೆ. ಅವರು ಎದ್ದು ಕುಳಿತರು. "ಈಗ ಹೇಳಿದ್ರೆ ಗಂಜಿ ತಂದುಕೊಟ್ಟೋನು ಯಾರು ಅಂತ ಕೇಳ್ತಾರೆ" ಎಂದು ಯೋಚಿಸಿ, ಮರುದಿನ ಬೆಳಿಗ್ಗೆಯಿಂದ ಮಿಲ್ಲಿನಲ್ಲಿ ಎರಡು ಪಾಳಿ ಕೆಲಸ ಹಿಡಿದರು.

ಮೂರನೆಯ ದಿನ ನಮ್ಮ ಬೀದಿಯ ಹಿರಿಯಜ್ಜಿ ಬಂದರು. ಆ ಅಜ್ಜಿ ಹೇಳಿದ್ದನ್ನು ಬೀದಿಯಲ್ಲಿ ಯಾರೂ ಮೀರುವುದಿಲ್ಲ. ಗುಳ್ಳೆಗಳನ್ನು ಹತ್ತಿರದಿಂದ ನೋಡಿ, "ಬಾಡಿವೆ. ಅಮ್ಮ ಇಳೀತಾ ಇದ್ದಾಳೆ. ಇವತ್ತು ತಲೆಗೆ ನೀರು ಹಾಕಬೇಕು" ಅಂದರು.

ಅಮ್ಮ ಇಳಿದಾಗ ಬೇವು ಅರಿಶಿನದ ನೀರನ್ನು ತಲೆಯ ಮೇಲೆ ಹೊಯ್ಯುವುದು ಕ್ರಮ. ಮಕ್ಕಳಿಗೆ ಸರಿ. ಇದು ಮಣ್ಣಿನ ಒಲೆ! ನಾಲ್ಕು ಕೊಡ ನೀರು ಬಿದ್ದರೆ ಒಲೆ ಎಲ್ಲಿ ಉಳಿಯುತ್ತದೆ? ಅತ್ತೆಯ ಅತ್ತೆ ಕಟ್ಟಿದ ಒಲೆ, ಇಷ್ಟು ವರ್ಷ ಒಂದು ಸಿಂಬೆ ತಪ್ಪದ ಹಾಗೆ ಕಾಪಾಡಿದ ಒಲೆ, ನನ್ನ ಒಂದು ಡಬ್ಬಿ ಗಂಜಿಯಿಂದ ಕೆಸರಾಗಿ ಬಚ್ಚಲಿಗೆ ಹರಿಯುತ್ತದೆ. ಬಾಯಿ ಬಿಟ್ಟರೆ ಕಲ್ಲು ಜನ್ಮದಲ್ಲಿ ನನ್ನ ಕೈಗೆ ಬರುವುದಿಲ್ಲ. ಬಿಡದಿದ್ದರೆ ಉಜ್ಜಲು ಒಲೆಯೇ ಇರುವುದಿಲ್ಲ.

ಹೆಂಗಸರು ಕೊಡ ಹೊತ್ತು ಅಡುಗೆಮನೆಗೆ ಬಂದರು. ಅತ್ತೆ ಮೂಲೆಯಲ್ಲಿ ಗೋಡೆ ಹಿಡಿದು ನಿಂತಿದ್ದರು. ಅಜ್ಜಿ ಮೊದಲ ಕೊಡವನ್ನು ಒಲೆಯ ಮೇಲಕ್ಕೆ ಎತ್ತಿ ಬಗ್ಗಿಸಲು ಹೋದರು.

"ಬೇಡಾ!" ಎಂದು ಕಿರುಚಿದೆ.

ಎರಡು ದನಿ ಕೇಳಿಸಿತು. ಒಂದು ನನ್ನದು, ಇನ್ನೊಂದು ಅತ್ತೆಯದು.

ನಾನು ನಿಲ್ಲಿಸದೆ ಹೇಳಿಬಿಟ್ಟೆ. "ಅದು ಅಮ್ಮ ಅಲ್ಲ, ಗಂಜಿ! ಒಲೆ ಸವೀಬಾರದು ಅಂತ ನಾನೇ ಬಳಿದೆ!"

"ಗಂಜಿ ಅಂತ ನನಗೂ ಗೊತ್ತು!" ಅಂದರು ಅತ್ತೆ.

ಎಲ್ಲರೂ ಅತ್ತೆಯನ್ನು ನೋಡಿದರು.

"ಹುಡುಗಿಯಾಗಿದ್ದಾಗಿಂದ ಕೈಮಗ್ಗದ ನೂಲು ಬೀದೀಲಿ ಹಾಸಿ ಗಂಜಿ ಹಚ್ಚಿದೋಳು ನಾನು. ಅವತ್ತು ಸಂಜೆ ಕರ್ಪೂರ ಹಚ್ಚೋಕೆ ಬಗ್ಗಿದಾಗ್ಲೇ ವಾಸನೆ ಗೊತ್ತಾಯ್ತು. ಅಷ್ಟು ಹೊತ್ತಿಗೆ ಬೀದಿಯೆಲ್ಲಾ ಬಂದು ಕೈ ಮುಗಿದು ಹೋಗಿತ್ತು. ಹೆಂಗೆ ಹೇಳೋದು? ಭಯ ಆಗ್ಬಿಡ್ತು."

ಅತ್ತೆಗೆ ಭಯ! ಆ ಮಾತನ್ನು ಅವರ ಬಾಯಲ್ಲಿ ಕೇಳಿದ್ದು ಅದೇ ಮೊದಲು. ಮೂರು ದಿನ ಒಂದೇ ಸೂರಿನಡಿ, ಒಂದೇ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು, ಒಬ್ಬರಿಗೊಬ್ಬರು ಹೆದರಿಕೊಂಡು ತಿರುಗಿದ್ದೆವು.

ಅಜ್ಜಿ ಕೊಡವನ್ನು ಸೊಂಟಕ್ಕೆ ಇಳಿಸಿಕೊಂಡರು. ನಗಲಿಲ್ಲ. "ಅಮ್ಮನ ಹೆಸರಲ್ಲಿ ಕಾಯಿಸಿದ ನೀರನ್ನ ಸುಮ್ನೆ ಚೆಲ್ಲಬಾರದು. ಯಾರ ತಲೆಗಾದರೂ ಬೀಳಬೇಕು. ಇಬ್ಬರೂ ಹಿತ್ತಲಿಗೆ ನಡೀರಿ."

ಒಗೆಯುವ ಕಲ್ಲಿನ ಪಕ್ಕದಲ್ಲಿ ನಮ್ಮಿಬ್ಬರನ್ನೂ ಸಾಲಾಗಿ ನಿಲ್ಲಿಸಿದರು. ಸೊಸೆಗೆ ಎರಡು ಕೊಡ, ಅತ್ತೆಗೆ ಎರಡು ಕೊಡ. ತಲೆಯ ತುಂಬ ಬೇವಿನೆಲೆ, ಮುಖವೆಲ್ಲ ಅರಿಶಿನ. ಅತ್ತೆ ಕೆನ್ನೆ ಬಡಿದುಕೊಂಡು "ತಪ್ಪಾಯ್ತು ತಾಯೀ" ಅನ್ನುತ್ತಿದ್ದರು. ನಾನೂ ಅಂದೆ. ಮಾವ ಜಗಲಿಯಿಂದ ಇಣುಕಿ ನೋಡಿ ಕೇಳಿದ್ದು ಒಂದೇ ಮಾತು. "ಹಂಗಾದ್ರೆ ಇವತ್ತಿಂದ ಒಗ್ಗರಣೆ ಹಾಕಬೋದಾ?"

ಮಧ್ಯಾಹ್ನ ಅತ್ತೆ ತೆಂಗಿನ ನಾರಿನಿಂದ ಆ ಹಕ್ಕಳೆಗಳನ್ನೆಲ್ಲ ಕೆರೆದು ತೆಗೆದರು. ಹೊಸ ಮಣ್ಣು ಸವರಿದರು. ನಾನು ದೂರದಲ್ಲಿ, ಬೈಗುಳಕ್ಕೆ ಕಾಯುತ್ತ ನಿಂತಿದ್ದೆ. ಅವರು ಸಂಚಿ ಬಿಚ್ಚಿದರು. ಎಲೆಅಡಿಕೆ ಎಂದುಕೊಂಡೆ. ನನ್ನ ಕೈ ಹಿಡಿದೆಳೆದು ಅಂಗೈಯಲ್ಲಿ ಕಲ್ಲು ಇಟ್ಟರು.

"ಒಲೆಗೋಸ್ಕರ ಬೀದಿ ಮುಂದೆ ಮಾನ ಬಿಟ್ಯಲ್ಲ, ಸಾಕು. ನನ್ ಕೈಯಲ್ಲಿ ಇನ್ನು ಆಗಲ್ಲ ಅಮ್ಮಣಿ. ನೀನೇ ಉಜ್ಜು."

ನಾನು ಅತ್ತುಬಿಟ್ಟೆ. ಅಳುತ್ತಲೇ ಉಜ್ಜಿದೆ. ಕೈ ಸೋತು ಬೀಳುವವರೆಗೆ ಉಜ್ಜಿದೆ. ಕಪ್ಪು ಹೊಳಪು ಬಂತು, ನನ್ನ ಮೂಗುಬೊಟ್ಟು ಅದರಲ್ಲಿ ಕಂಡಿತು. ಇನ್ನು ಹೆದರಿಕೆ ಮುಗಿಯಿತು ಎಂದು ನೆಮ್ಮದಿಯಾಗಿ ಉಂಡು ಮಲಗಿದೆ.

ಮರುದಿನ ಬೆಳಿಗ್ಗೆ ನಾನು ಒಲೆ ಹಚ್ಚಿ ಕಾಫಿಗೆ ನೀರಿಟ್ಟು, ಕಲ್ಲು ಕೈಯಲ್ಲೇ ಹಿಡಿದು ನಿಂತಿದ್ದೆ. ಅತ್ತೆ ಬಂದು, ಬಿಸಿನೀರಿನ ಚೆಂಬಿಗೆ ಎಂದಿನಂತೆ ಕೈ ಚಾಚಿದರು. ಆಗ ಅಡುಗೆಮನೆಯಲ್ಲಿ ಒಂದು ಗದರುವ ದನಿ ಕೇಳಿಸಿತು.

"ಅತ್ತೆ, ಬಳೆ!"

ಬೆಚ್ಚಿಬಿದ್ದು ಸುತ್ತ ನೋಡಿದೆ. ಬೇರೆ ಯಾರೂ ಇರಲಿಲ್ಲ. ಅತ್ತೆ ಚಾಚಿದ ಕೈಯನ್ನು ಸರಕ್ಕನೆ ಹಿಂದಕ್ಕೆಳೆದುಕೊಂಡು, ಒಂದು ಸಲ ನನ್ನ ಮುಖವನ್ನೂ ನನ್ನ ಕೈಯಲ್ಲಿದ್ದ ಕಲ್ಲನ್ನೂ ನೋಡಿ, ತುಂಡು ಬಟ್ಟೆ ಹುಡುಕಲು ಶೆಡ್ಡಿನ ಕಡೆ ಹೋದರು.